ಹೊಸಿಲು ದಾಟದ ಬೆಕ್ಕಿಗೂ ತಿಂಗಳ ಮದ್ದು ಬೇಕೆ?

ಪ್ರಶ್ನೆ

ನಾವು ಅಮೆರಿಕದ ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿದ್ದೇವೆ. ಮನೆಯಲ್ಲಿ ನಾನು, ನಮ್ಮವರು, ಎಂಟು ವರ್ಷದ ಮಗಳು. ಆರು ತಿಂಗಳು ಇದ್ದು ಹೋಗಲೆಂದು ಅತ್ತೆ ದಾವಣಗೆರೆಯಿಂದ ಬಂದಿದ್ದಾರೆ. ಹೋದ ವರ್ಷದವರೆಗೆ ನಮ್ಮಲ್ಲಿ ಗುಂಡ ಎಂಬ ಬೆಕ್ಕಿತ್ತು. ಐದು ವರ್ಷದವನು, ಮನೆಯ ಹೊಸಿಲು ದಾಟಿದವನಲ್ಲ. ಆಗಾಗ ಕೆಮ್ಮುತ್ತಿದ್ದ. ಕೆಲವು ದಿನ ಕಾರಣವಿಲ್ಲದೆ ವಾಂತಿ ಮಾಡುತ್ತಿದ್ದ. ಮೈ ನೆಕ್ಕಿಕೊಂಡು ನುಂಗಿದ ಕೂದಲು ಗಂಟಲಿಗೆ ಬರುತ್ತಿರಬೇಕು ಎಂದುಕೊಂಡು ಸುಮ್ಮನಿದ್ದೆವು. ಒಂದು ಬೆಳಿಗ್ಗೆ ತಿಂಡಿ ತಿಂದು ಕಿಟಕಿಯತ್ತ ಹೋದವನು ಒಮ್ಮೆ ಜೋರಾಗಿ ಕೂಗಿ ಬಿದ್ದ. ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಿದ್ದ. ‘ಹಾರ್ಟ್‌ವರ್ಮ್ ಇದ್ದಿರಬಹುದು, ಶವಪರೀಕ್ಷೆ ಮಾಡದೆ ಹೇಳಲಾಗದು’ ಎಂದರು ವೈದ್ಯರು. ಅವನನ್ನು ಕೊಯ್ಯಿಸಲು ನಮಗೆ ಮನಸ್ಸಾಗಲಿಲ್ಲ.

ಈಗ ಶೆಲ್ಟರ್‌ನಿಂದ ನಾಲ್ಕು ತಿಂಗಳ ಹೆಣ್ಣುಮರಿ ತಂದಿದ್ದೇವೆ. ಮಗಳು ಬೆಳ್ಳಿ ಎಂದು ಹೆಸರಿಟ್ಟಿದ್ದಾಳೆ. ಪ್ರತಿ ತಿಂಗಳೂ ಕತ್ತಿನ ಮೇಲೆ ಹಾಕುವ ಔಷಧವನ್ನು ವೈದ್ಯರು ವರ್ಷವಿಡೀ ಹಾಕಬೇಕೆಂದು ಬರೆದುಕೊಟ್ಟಿದ್ದಾರೆ. ‘ಹೊರಗೇ ಹೋಗದ ಬೆಕ್ಕಿಗೆ ಇದೆಲ್ಲ ಯಾಕೆ, ದುಡ್ಡು ಕೀಳುವ ದಾರಿ’ ಎನ್ನುತ್ತಾರೆ ನಮ್ಮವರು. ಅವರ ಸ್ನೇಹಿತರ ನಾಯಿಗೆ ತಂದ ಹಾರ್ಟ್‌ವರ್ಮ್ ಮಾತ್ರೆ ಉಳಿದಿದೆಯಂತೆ, ಬೇಕೆಂದರೆ ಅದನ್ನೇ ಅರ್ಧ ಮಾಡಿ ಕೊಟ್ಟರಾಯಿತು ಎಂಬುದು ಅವರ ಲೆಕ್ಕ. ಅತ್ತೆಯದು ಇನ್ನೊಂದು ಮಾತು: ‘ಊರಲ್ಲಿ ನಾವು ಸಾಕಿದ ಬೆಕ್ಕುಗಳಿಗೆ ಲೆಕ್ಕವಿಲ್ಲ, ಒಂದಕ್ಕಾದರೂ ಮದ್ದು ಹಾಕಿದ್ದೇವಾ? ಸೊಳ್ಳೆ ಕಚ್ಚಬಾರದು ಅಂದರೆ ಮೈಗೆ ಒಂದಿಷ್ಟು ನೀಲಗಿರಿ ಎಣ್ಣೆ ಸವರು.’

ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಗುಂಡನನ್ನು ನನ್ನ ಅಜಾಗ್ರತೆಯೇ ಕೊಂದಿತೇ? ಈ ಔಷಧ ನಿಜವಾಗಿ ಬೇಕೇ, ಅಥವಾ ಆಗಾಗ ರಕ್ತ ಪರೀಕ್ಷೆ ಮಾಡಿಸಿ, ರೋಗ ಬಂದರೆ ಆಗ ಚಿಕಿತ್ಸೆ ಕೊಡಿಸಬಾರದೇ? ನಾಯಿಯ ಮಾತ್ರೆ, ಎಣ್ಣೆ ಇವೆಲ್ಲ ಸರಿಯೇ? ಇನ್ನೆರಡು ವರ್ಷಕ್ಕೆ ಊರಿಗೆ ಮರಳುವ ಯೋಚನೆಯಿದೆ. ಬೆಳ್ಳಿಯನ್ನೂ ಕರೆತರುತ್ತೇವೆ. ಅಲ್ಲೂ ಇದೇ ಪಾಡೇ?

— ಹೆಸರು ಬೇಡ, ಕೇಟಿ, ಟೆಕ್ಸಾಸ್

ಉತ್ತರ

ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ಮೂರಕ್ಕೆ ನೇರ ಉತ್ತರವಿದೆ. ಮೊದಲನೆಯದಕ್ಕೆ ಇಲ್ಲ. ಆದರೆ ನಿದ್ದೆ ಕೆಡಿಸುತ್ತಿರುವುದು ಅದೇ ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಗುಂಡನ ವಿಷಯ

ಗುಂಡ ಹಾರ್ಟ್‌ವರ್ಮ್‌ನಿಂದಲೇ ಸತ್ತ ಎಂದು ಈಗ ಯಾರೂ ಹೇಳಲಾರರು. ನೋಡಲು ಗಟ್ಟಿಮುಟ್ಟಾಗಿದ್ದ ಬೆಕ್ಕು ಹೀಗೆ ಒಮ್ಮೆಲೇ ಬಿದ್ದು ಸಾಯುವುದಕ್ಕೆ ಇನ್ನೊಂದು ಕಾರಣವೂ ಇದೆ: ಹೃದಯದ ಸ್ನಾಯು ದಪ್ಪಗಾಗುತ್ತ ಹೋಗುವ ಕಾಯಿಲೆ. ಬೆಕ್ಕುಗಳಲ್ಲಿ ಅತಿ ಹೆಚ್ಚು ಕಾಣುವ ಹೃದ್ರೋಗ ಅದೇ. ಎಷ್ಟೋ ಬೆಕ್ಕುಗಳಲ್ಲಿ ಅದು ಇದೆಯೆಂದು ಗೊತ್ತಾಗುವುದೇ ಸತ್ತ ಮೇಲೆ. ಕೆಮ್ಮು, ವಾಂತಿ ಎರಡೂ ಇದ್ದವು ಎಂಬುದರಿಂದ ನಿಮ್ಮ ವೈದ್ಯರ ಅನುಮಾನಕ್ಕೆ ಆಧಾರವಿದೆ, ಅಷ್ಟು ಒಪ್ಪುತ್ತೇನೆ. ಆದರೆ ಕೆಮ್ಮು ಅಸ್ತಮಾದಿಂದಲೂ ಬರುತ್ತದೆ, ವಾಂತಿಗೆ ನೂರು ಕಾರಣ.

ಒಂದು ವೇಳೆ ಅದು ಹಾರ್ಟ್‌ವರ್ಮ್ ಆಗಿದ್ದರೂ, ಕೂದಲುಂಡೆ ಎಂದುಕೊಂಡದ್ದು ನಿಮ್ಮೊಬ್ಬರ ತಪ್ಪು ತಿಳಿವಳಿಕೆಯಲ್ಲ. ಈ ರೋಗ ಬೆಕ್ಕಿನಲ್ಲಿ ಬರುವುದೇ ಬೇರೆ ಕಾಯಿಲೆಯ ವೇಷದಲ್ಲಿ. ಅಸ್ತಮಾ ಎಂದು ತಿಂಗಳುಗಟ್ಟಲೆ ಚಿಕಿತ್ಸೆ ಪಡೆದ ಬೆಕ್ಕಿಗೆ ಇದ್ದದ್ದು ಹಾರ್ಟ್‌ವರ್ಮ್ ಎಂದು ವೈದ್ಯರಿಗೇ ತಡವಾಗಿ ಗೊತ್ತಾಗುವುದುಂಟು. ಕೆಲವು ಬೆಕ್ಕುಗಳು ಒಂದು ಲಕ್ಷಣವನ್ನೂ ತೋರಿಸದೆ ಇದ್ದಕ್ಕಿದ್ದಂತೆ ಸಾಯುತ್ತವೆ. ಇನ್ನು ಕೆಲವಕ್ಕೆ ರೋಗ ಬಂದದ್ದೂ ತಿಳಿಯದೆ, ಹೋದದ್ದೂ ತಿಳಿಯದೆ ವಾಸಿಯಾಗಿಬಿಡುತ್ತದೆ. ಹೀಗೆ ನಡೆದುಕೊಳ್ಳುವ ರೋಗವನ್ನು ಸಾಕಿದವರು ಹಿಡಿಯಲಿಲ್ಲ ಎಂದು ಅವರನ್ನು ದೂರುವುದು ಸರಿಯಲ್ಲ. ಗುಂಡ ಐದು ವರ್ಷ ಹೊಟ್ಟೆ ತುಂಬ ತಿಂದು, ಮಗುವಿನ ಜೊತೆ ಆಡಿಕೊಂಡು ಬದುಕಿದ. ಅಪರಾಧಿ ಭಾವ ಅಲ್ಲಿಗೆ ನಿಲ್ಲಲಿ. ಅದರಿಂದ ಬೆಳ್ಳಿಗೆ ಏನೂ ಸಿಗುವುದಿಲ್ಲ, ರೋಗದ ತಿಳಿವಳಿಕೆಯಿಂದ ಸಿಗುತ್ತದೆ.

ನಾಯಿಯ ಹುಳು ಬೆಕ್ಕಿಗೆ ಬರುವ ಬಗೆ

ಹಾರ್ಟ್‌ವರ್ಮ್ ದಾರದಂತೆ ಉದ್ದನೆಯ, ಬಿಳಿ ಬಣ್ಣದ ಹುಳು. ಶಾಸ್ತ್ರೀಯ ಹೆಸರು ಡೈರೋಫೈಲೇರಿಯಾ ಇಮ್ಮಿಟಿಸ್. ನಮ್ಮ ಕಲಬುರಗಿ, ಬೀದರ್, ರಾಯಚೂರು ಕಡೆಯವರಿಗೆ ಆನೆಕಾಲು ರೋಗ ಗೊತ್ತಿದೆ. ಆ ರೋಗ ತರುವ ಫೈಲೇರಿಯಾ ಹುಳುವಿನ ದಾಯಾದಿ ಇದು. ಎರಡನ್ನೂ ಮೈಯಿಂದ ಮೈಗೆ ದಾಟಿಸುವುದು ಸೊಳ್ಳೆಯೇ.

ಈ ಹುಳುವಿಗೆ ಹೇಳಿ ಮಾಡಿಸಿದ ಮನೆ ನಾಯಿಯ ಮೈ. ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ, ಸಂಖ್ಯೆ ಹೆಚ್ಚಾದಾಗ ಹೃದಯದ ಬಲಭಾಗದಲ್ಲೂ ಅದು ನೆಲೆಸುತ್ತದೆ. ನಾಯಿಯಲ್ಲಿ ಹೆಣ್ಣುಹುಳು 25ರಿಂದ 30 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, 5ರಿಂದ 7 ವರ್ಷ ಬದುಕುತ್ತದೆ. ಅದು ಹೆತ್ತ ಸೂಕ್ಷ್ಮ ಮರಿಗಳು ನಾಯಿಯ ರಕ್ತದಲ್ಲಿ ಸುತ್ತುತ್ತಿರುತ್ತವೆ. ಆ ನಾಯಿಯನ್ನು ಕಚ್ಚಿದ ಸೊಳ್ಳೆ ರಕ್ತದೊಂದಿಗೆ ಅವನ್ನೂ ಹೀರಿಕೊಳ್ಳುತ್ತದೆ. ಹವೆ ಬೆಚ್ಚಗಿದ್ದರೆ 10ರಿಂದ 14 ದಿನಗಳಲ್ಲಿ ಅವು ಸೊಳ್ಳೆಯ ಮೈಯಲ್ಲೇ ಬೆಳೆದು ರೋಗ ಹರಡಲು ಸಿದ್ಧವಾಗುತ್ತವೆ. ಸೊಳ್ಳೆ ಮುಂದೆ ಯಾರನ್ನು ಕಚ್ಚುತ್ತದೋ ಅವರ ಚರ್ಮದ ಮೇಲೆ ಮರಿಹುಳು ಇಳಿದು, ಕಚ್ಚಿದ ಗಾಯದ ಮೂಲಕ ಒಳಗೆ ನುಗ್ಗುತ್ತದೆ. ಇದನ್ನು ಸಾಗಿಸಬಲ್ಲ ಸೊಳ್ಳೆ ಜಾತಿಗಳು 70ಕ್ಕೂ ಹೆಚ್ಚು.

ಆ ಸೊಳ್ಳೆ ಬೆಕ್ಕನ್ನು ಕಚ್ಚಿದರೆ ಕತೆ ಸ್ವಲ್ಪ ಬೇರೆ. ಬೆಕ್ಕಿನ ಮೈ ಈ ಹುಳುವಿಗೆ ಒಗ್ಗುವುದಿಲ್ಲ. ಒಳಹೊಕ್ಕ ಮರಿಗಳಲ್ಲಿ ಹೆಚ್ಚಿನವು ಬೆಳೆಯುವ ಮೊದಲೇ ಸಾಯುತ್ತವೆ. ಬೆಳೆದರೂ ಸಾಮಾನ್ಯವಾಗಿ ಒಂದೆರಡು, ಹೆಚ್ಚೆಂದರೆ ಮೂರೋ ನಾಲ್ಕೋ. ನಾಯಿಯಲ್ಲಿ ಹತ್ತಾರು ಹುಳುಗಳು ಸಿಗುವುದು ಮಾಮೂಲು. ಯಾವುದೇ ಊರಿನಲ್ಲಿ ಔಷಧ ಕಾಣದ ನಾಯಿಗಳಿಗೆ ಈ ರೋಗ ಎಷ್ಟು ತಗಲುತ್ತದೋ, ಬೆಕ್ಕುಗಳಿಗೆ ಅದರ ಶೇ 5ರಿಂದ 20ರಷ್ಟು ತಗಲುತ್ತದೆ ಎಂಬುದು ಅಮೆರಿಕದ ತಜ್ಞರ ಅಂದಾಜು.

ಇಷ್ಟು ಕೇಳಿದರೆ ಬೆಕ್ಕಿಗೆ ಭಯವಿಲ್ಲ ಎನ್ನಿಸಬಹುದು. ಅಪಾಯ ಇರುವುದು ಹುಳುವಿನ ಸಾವಿನಲ್ಲಿ. ಸೊಳ್ಳೆ ಕಚ್ಚಿದ ಎರಡೂವರೆ, ಮೂರು ತಿಂಗಳಿಗೆ ಎಳೆಯ ಹುಳುಗಳು ಶ್ವಾಸಕೋಶದ ರಕ್ತನಾಳ ಮುಟ್ಟುತ್ತವೆ. ಅಲ್ಲಿ ಅವು ಸಾಯತೊಡಗಿದಾಗ ಬೆಕ್ಕಿನ ದೇಹ ಅವುಗಳ ಮೇಲೆ ಮುಗಿಬೀಳುತ್ತದೆ. ಆ ಕಾದಾಟದಲ್ಲಿ ರಕ್ತನಾಳ, ಉಸಿರುನಾಳ ಎರಡೂ ಊದಿಕೊಳ್ಳುತ್ತವೆ. ಅಸ್ತಮಾದಂತೆ ಕಾಣುವ ಕೆಮ್ಮು, ಏದುಸಿರು ಹುಟ್ಟುವುದು ಆಗಲೇ. ಒಂದು ಹುಳುವೂ ದೊಡ್ಡದಾಗಬೇಕಿಲ್ಲ, ಶ್ವಾಸಕೋಶಕ್ಕೆ ಏಟು ಬಿದ್ದಿರುತ್ತದೆ. ಎರಡನೆಯ ಗಂಡಾಂತರ ತಡವಾಗಿ ಬರುತ್ತದೆ. ಬದುಕುಳಿದು ದೊಡ್ಡದಾದ ಹುಳು ಬೆಕ್ಕಿನಲ್ಲಿ 2ರಿಂದ 4 ವರ್ಷ ಇರುತ್ತದೆ. ಅದು ಸತ್ತಾಗ ಅದರ ತುಣುಕುಗಳು ರಕ್ತನಾಳಕ್ಕೆ ಅಡ್ಡ ಸಿಕ್ಕಿ, ದೇಹದ ಅಲರ್ಜಿಯೂ ಕೆರಳಿ, ಬೆಕ್ಕು ನಿಂತಲ್ಲೇ ಕುಸಿಯಬಹುದು. ಒಂದೇ ಒಂದು ಹುಳುವಿನ ಸಾವು ಬೆಕ್ಕಿನ ಪ್ರಾಣ ತೆಗೆದ ಉದಾಹರಣೆಗಳಿವೆ.

ಹಾಗೆಂದು ಗುಂಡನಿಂದ ಮಗಳಿಗೆ ಏನಾದರೂ ಬಂದಿರಬಹುದೇ ಎಂದು ಹೆದರಬೇಡಿ. ಬೆಕ್ಕಿನ ರಕ್ತದಲ್ಲಿ ಈ ಹುಳುವಿನ ಮರಿಗಳು ಸಿಗುವುದೇ ಅಪರೂಪ. ಮುಟ್ಟುವುದರಿಂದ, ಮುದ್ದಾಡುವುದರಿಂದ ಇದು ಬರುವುದಿಲ್ಲ.

ನಿಮ್ಮವರ ಮಾತಿಗೆ

ಹೊರಗೆ ಹೋಗದ ಬೆಕ್ಕಿಗೆ ಅಪಾಯ ಕಡಿಮೆ, ಅಷ್ಟರಮಟ್ಟಿಗೆ ಅವರು ಸರಿ. ಕಡಿಮೆ ಎಂದ ಮಾತ್ರಕ್ಕೆ ಇಲ್ಲವೇ ಇಲ್ಲ ಎಂದಾಗುವುದಿಲ್ಲ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಹಾರ್ಟ್‌ವರ್ಮ್ ಪತ್ತೆಯಾದ ಬೆಕ್ಕುಗಳ ಪೈಕಿ ಶೇ 28 ಮನೆಯೊಳಗೇ ಇದ್ದವು. ಬೆಕ್ಕು ಹೊಸಿಲು ದಾಟದಿದ್ದರೂ ಸೊಳ್ಳೆ ದಾಟುತ್ತದಲ್ಲ! ಗ್ಯಾರೇಜ್ ಬಾಗಿಲು ತೆರೆದಾಗ, ದಿನಸಿ ಚೀಲ ಒಳಗೆ ತರುವಾಗ, ಹಿತ್ತಿಲ ಕಡೆಯ ಜಾಲರಿ ಒಂದು ಮೂಲೆಯಲ್ಲಿ ಕಿತ್ತಿದ್ದಾಗ ಅದು ಒಳಗೆ ಬರುತ್ತದೆ. ನಿಮ್ಮನ್ನು ಮನೆಯೊಳಗೆ ಸೊಳ್ಳೆ ಕಚ್ಚಿಯೇ ಇಲ್ಲ ಎಂದು ನಿಮ್ಮವರು ಹೇಳಬಲ್ಲರೇ? ಕೇಳಿ ನೋಡಿ.

ನೀವಿರುವ ಊರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಾರ್ಟ್‌ವರ್ಮ್ ಅಮೆರಿಕದ 50 ರಾಜ್ಯಗಳಲ್ಲೂ ಕಂಡುಬಂದಿದೆ. ಆದರೆ ಹಾವಳಿ ಅತಿ ಹೆಚ್ಚಿರುವುದು ಮೆಕ್ಸಿಕೋ ಕೊಲ್ಲಿಯ ದಂಡೆಯಲ್ಲಿ ಮತ್ತು ಮಿಸಿಸಿಪ್ಪಿ ನದಿಯ ಬಯಲಿನಲ್ಲಿ. ಟೆಕ್ಸಾಸ್, ಲೂಸಿಯಾನಾ, ಮಿಸಿಸಿಪ್ಪಿ, ಅಲಬಾಮ ರಾಜ್ಯಗಳು ಈ ಪಟ್ಟಿಯಲ್ಲಿ ಸದಾ ಮೇಲಿನ ಸಾಲಿನಲ್ಲಿರುತ್ತವೆ. ಹ್ಯೂಸ್ಟನ್ ಸುತ್ತ ನಿಧಾನವಾಗಿ ಹರಿಯುವ ಹಳ್ಳಗಳು, ಆರ್ದ್ರ ಹವೆ, ಹೆಸರಿಗೆ ಮಾತ್ರ ಬರುವ ಚಳಿಗಾಲ. ಮನೆಯ ಸುತ್ತಮುತ್ತ ಔಷಧ ಕಾಣದ ಬೀದಿನಾಯಿಗಳು, ಊರಂಚಿನಲ್ಲಿ ಕಯೋಟೆ ಎಂಬ ಕಾಡುನಾಯಿಗಳು ಹುಳುವಿನ ಭಂಡಾರದಂತೆ ಇವೆ. ಹಾವಳಿ ಇಷ್ಟಿಲ್ಲದ ಮಿನೆಸೋಟದಲ್ಲಿರುವ ಕನ್ನಡಿಗರೊಬ್ಬರು ಇದೇ ಪ್ರಶ್ನೆ ಕೇಳಿದ್ದರೂ ಔಷಧ ಹಾಕಿ ಎಂದೇ ಹೇಳುತ್ತಿದ್ದೆ. ನಿಮಗೆ ಮಾತ್ರ ಒತ್ತಿ ಹೇಳುತ್ತಿದ್ದೇನೆ. ವರ್ಷದ 12 ತಿಂಗಳೂ ಹಾಕಬೇಕು ಎಂದು ನಿಮ್ಮ ವೈದ್ಯರು ಬರೆದದ್ದು ದುಡ್ಡಿನ ಆಸೆಗಲ್ಲ. ಅಮೆರಿಕನ್ ಹಾರ್ಟ್‌ವರ್ಮ್ ಸೊಸೈಟಿಯ ಶಿಫಾರಸು ಕೂಡ ಅದೇ.

ಪರೀಕ್ಷೆ, ಚಿಕಿತ್ಸೆಗೆ ಕಾಯಬಾರದೇ?

ಬೇರೆ ಎಷ್ಟೋ ರೋಗಗಳಲ್ಲಿ ಇದು ಬುದ್ಧಿವಂತ ಪ್ರಶ್ನೆ. ಇಲ್ಲಿ ಎರಡು ಕಡೆ ಅಡ್ಡಿಯಿದೆ.

ಮೊದಲ ಅಡ್ಡಿ ಪರೀಕ್ಷೆಯದು. ಆಂಟಿಜೆನ್ ಪರೀಕ್ಷೆ ಹಿಡಿಯುವುದು ಮುಖ್ಯವಾಗಿ ಬೆಳೆದ ಹೆಣ್ಣುಹುಳುವನ್ನು. ಬೆಕ್ಕಿನಲ್ಲಿ ಇರುವ ಒಂದೆರಡು ಹುಳು ಗಂಡೇ ಆಗಿದ್ದರೆ, ಅಥವಾ ಇನ್ನೂ ಎಳೆಯದಾಗಿದ್ದರೆ, ಫಲಿತಾಂಶ ‘ಇಲ್ಲ’ ಎಂದೇ ಬರುತ್ತದೆ. ಆಂಟಿಬಾಡಿ ಪರೀಕ್ಷೆ ಹೇಳುವುದು ಬೆಕ್ಕಿಗೆ ಹುಳುವಿನ ಸೋಂಕು ತಗಲಿತ್ತು ಎಂಬುದನ್ನು. ಹುಳು ಈಗಲೂ ಇದೆಯೇ, ಸತ್ತುಹೋಯಿತೇ ಎಂದು ಅದು ಹೇಳದು. ಹಾಗಾಗಿ ವೈದ್ಯರು ಎರಡೂ ಪರೀಕ್ಷೆ, ಎದೆಯ ಎಕ್ಸ್‌ರೇ, ಬೇಕಾದರೆ ಹೃದಯದ ಸ್ಕ್ಯಾನ್ ಎಲ್ಲವನ್ನೂ ಜೋಡಿಸಿ ನೋಡಬೇಕಾಗುತ್ತದೆ. ಅಷ್ಟಾದರೂ ಕೆಲವೊಮ್ಮೆ ಸಂಶಯ ಉಳಿಯುತ್ತದೆ.

ಎರಡನೆಯದು ಇನ್ನೂ ದೊಡ್ಡದು. ನಾಯಿಯಲ್ಲಿ ಬೆಳೆದ ಹುಳುವನ್ನು ಕೊಲ್ಲಲು ಮೆಲಾರ್ಸೊಮಿನ್ ಎಂಬ ಆರ್ಸೆನಿಕ್ ಮೂಲದ ಚುಚ್ಚುಮದ್ದು ಇದೆ. ಬೆಕ್ಕಿಗೆ ಅದೇ ವಿಷ. ಅಲ್ಲದೆ ಹುಳು ಸಾಯುವುದೇ ಬೆಕ್ಕಿಗೆ ಗಂಡಾಂತರ ಎಂದ ಮೇಲೆ ಕೊಂದು ಗೆಲ್ಲುವ ದಾರಿಯೂ ಮುಚ್ಚಿದಂತೆ. ರೋಗ ಬಂದ ಬೆಕ್ಕಿಗೆ ಊತ ಇಳಿಸಲು ಪ್ರೆಡ್ನಿಸೊಲೋನ್ ಕೊಡುತ್ತಾರೆ, ಉಸಿರು ಕಟ್ಟಿದರೆ ಆಮ್ಲಜನಕ ಕೊಡುತ್ತಾರೆ, ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಮತ್ತೆ ಪರೀಕ್ಷಿಸುತ್ತಾರೆ. ಹುಳು ತಾನಾಗಿ ಸಾಯುವವರೆಗೆ ಬೆಕ್ಕು ತಾಳಿಕೊಳ್ಳಲಿ ಎಂದು ಕಾಯುತ್ತಾರೆ. ಹಲವು ಬೆಕ್ಕುಗಳು ತಾಳಿಕೊಳ್ಳುತ್ತವೆ, ಕೆಲವು ತಾಳಿಕೊಳ್ಳುವುದಿಲ್ಲ. ತೀರ ಕಷ್ಟದ ಸ್ಥಿತಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಹುಳುವನ್ನು ಹೊರತೆಗೆಯುವುದುಂಟು. ಅದು ಎಲ್ಲ ಆಸ್ಪತ್ರೆಗಳಲ್ಲಿ ಆಗುವ ಕೆಲಸವಲ್ಲ, ಅಪಾಯವೂ ಹೆಚ್ಚು.

ಬಂದ ಮೇಲೆ ನೋಡೋಣ ಎಂಬ ಮಾತಿಗೆ ಈ ರೋಗದಲ್ಲಿ ಜಾಗವಿಲ್ಲ. ನಮ್ಮ ಕೈಯಲ್ಲಿ ಏನಾದರೂ ಇರುವುದು ಬರುವ ಮೊದಲು ಮಾತ್ರ.

ಔಷಧ ಮಾಡುವ ಕೆಲಸ

ತಿಂಗಳ ಔಷಧ ಸೊಳ್ಳೆ ಕಚ್ಚುವುದನ್ನು ತಪ್ಪಿಸುವುದಿಲ್ಲ. ಬಹಳ ಮಂದಿ ತಪ್ಪು ತಿಳಿಯುವುದು ಇಲ್ಲಿಯೇ. ಅದು ಹಿಂದಿನ ತಿಂಗಳಲ್ಲಿ ಒಳಹೊಕ್ಕ ಮರಿಹುಳುಗಳನ್ನು, ಅವು ಇನ್ನೂ ಚರ್ಮದಡಿ ಎಳೆಯದಾಗಿರುವಾಗಲೇ ಕೊಲ್ಲುತ್ತದೆ. ಹೊಲದಲ್ಲಿ ಕಳೆ ಕೀಳುವ ಕೆಲಸ ಇದು. ಬೇರು ಇಳಿಯುವ ಮೊದಲು ಕಿತ್ತರೆ ಬೆರಳಲ್ಲಿ ಬರುತ್ತದೆ, ಒಂದು ಸುತ್ತು ತಪ್ಪಿಸಿದರೆ ಮುಂದಿನ ಸಲ ಕುಡುಗೋಲಿಗೂ ಬಗ್ಗದು. ಮರಿಹುಳುವಿಗೆ ಸುಮಾರು ಎರಡು ತಿಂಗಳು ತುಂಬಿ ಅದು ರಕ್ತನಾಳದ ದಾರಿ ಹಿಡಿಯಿತೆಂದರೆ ಈ ಔಷಧದ ಕೈಯಿಂದ ತಪ್ಪಿಸಿಕೊಳ್ಳುತ್ತದೆ. ತಿಂಗಳು ತಿಂಗಳೂ ತಪ್ಪದೆ ಎಂದು ವೈದ್ಯರು ಹೇಳುವುದು ಈ ಕಾರಣಕ್ಕೆ.

ಬೆಕ್ಕಿಗೆ ಬಳಸುವ ಸೆಲಾಮೆಕ್ಟಿನ್, ಮಾಕ್ಸಿಡೆಕ್ಟಿನ್, ಎಪ್ರಿನೋಮೆಕ್ಟಿನ್, ಮಿಲ್ಬೆಮೈಸಿನ್, ಐವರ್‌ಮೆಕ್ಟಿನ್ ಎಲ್ಲವೂ ಒಂದೇ ಕುಟುಂಬದ ಔಷಧಗಳು. ಈ ಕುಟುಂಬದ ಐವರ್‌ಮೆಕ್ಟಿನ್‌ನ ಮೂಲ ಜಪಾನಿನ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿ. ಅದನ್ನು ಕಂಡುಹಿಡಿದ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಬೆಕ್ಕಿನಲ್ಲಿ ಕತ್ತಿನ ಮೇಲೆ ಹಾಕುವ ಹನಿಗಳೇ ಹೆಚ್ಚು ಬಳಕೆಯಲ್ಲಿವೆ, ಏಕೆಂದರೆ ಬೆಕ್ಕಿಗೆ ಮಾತ್ರೆ ನುಂಗಿಸುವುದು ಎಂಥ ಸಾಹಸ ಎಂದು ನಿಮಗೆ ಹೇಳಬೇಕಿಲ್ಲ. ಕೆಲವು ಹನಿಗಳು ಚಿಗಟ, ಕಿವಿಯ ನುಸಿ, ಹೊಟ್ಟೆಯ ದುಂಡುಹುಳು, ಕೊಕ್ಕೆಹುಳುಗಳನ್ನೂ ಹಿಡಿಯುತ್ತವೆ. ಖರ್ಚಿನ ಮಾತು ಬಂದಾಗ ಇದನ್ನೂ ಲೆಕ್ಕಕ್ಕೆ ಸೇರಿಸಿ ಎಂದು ನಿಮ್ಮವರಿಗೆ ಹೇಳಿ.

ಎಂಟು ವಾರ ತುಂಬಿದ ಮರಿಗೆ ಶುರು ಮಾಡಬಹುದು. ಬೆಳ್ಳಿಗೆ ಆಗಲೇ ನಾಲ್ಕು ತಿಂಗಳು. ಶೆಲ್ಟರ್‌ನವರು ಕೊಟ್ಟ ಕಾಗದಗಳಲ್ಲಿ ಈ ಔಷಧ ಹಾಕಿದ ದಾಖಲೆ ಇದೆಯೇ ನೋಡಿ, ವೈದ್ಯರಿಗೆ ತೋರಿಸಿ. ಇಲ್ಲದಿದ್ದರೂ ತಡ ಮಾಡುವ ಕಾರಣವಿಲ್ಲ. ಈ ವಯಸ್ಸಿನಲ್ಲಿ ಆಂಟಿಜೆನ್ ಪರೀಕ್ಷೆಯಿಂದ ಏನೂ ತಿಳಿಯದು. ಬೆಕ್ಕಿನಲ್ಲಿ ಹುಳು ಬೆಳೆದು ಪರೀಕ್ಷೆಗೆ ಸಿಗಲು 7–8 ತಿಂಗಳು ಬೇಕು. ಆಮೇಲೆ ಒಮ್ಮೆ ಎರಡೂ ಪರೀಕ್ಷೆ ಮಾಡಿಸಿ.

ಹಾಕುವ ಕ್ರಮ ಹೀಗೆ. ತಲೆಯ ಹಿಂಬದಿ, ಕತ್ತು ಶುರುವಾಗುವ ಕಡೆ ಕೂದಲನ್ನು ಬೆರಳಿನಿಂದ ಬಿಡಿಸಿ. ಚರ್ಮ ಕಾಣಬೇಕು. ಟ್ಯೂಬಿನ ಔಷಧವೆಲ್ಲ ಚರ್ಮದ ಮೇಲೆ ಬೀಳಲಿ, ಕೂದಲ ಮೇಲೆ ಹರಡಿ ವ್ಯರ್ಥವಾಗದಿರಲಿ. ಬೆಕ್ಕಿನ ನಾಲಿಗೆ ಎಟುಕದ ಜಾಗ ಅದು. ಅಕಸ್ಮಾತ್ ನೆಕ್ಕಿದರೆ ಕಹಿಗೆ ಜೊಲ್ಲು ಸುರಿಸುತ್ತದೆ, ಗಾಬರಿಯಾಗಬೇಡಿ, ಆದರೆ ವೈದ್ಯರಿಗೆ ತಿಳಿಸಿ. ಒಣಗುವವರೆಗೆ ಮಗಳು ಆ ಜಾಗ ಮುಟ್ಟದಿರಲಿ. ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಅದನ್ನೂ ಅಷ್ಟು ಹೊತ್ತು ದೂರವಿಡಬೇಕು. ಮರಿ ಬೇಗ ಬೆಳೆಯುತ್ತದೆ, ಟ್ಯೂಬಿನ ಅಳತೆ ಮೈತೂಕದ ಮೇಲೆ. ಸೆಲಾಮೆಕ್ಟಿನ್ ಆದರೆ 5 ಪೌಂಡ್, ಅಂದರೆ ಸುಮಾರು 2.3 ಕಿಲೋ ದಾಟಿದ ಕೂಡಲೇ ಮುಂದಿನ ಅಳತೆಗೆ ಹೋಗಬೇಕು. ಆದ್ದರಿಂದ ಮರಿ ಇರುವಾಗಲೇ ವರ್ಷದ ಔಷಧವನ್ನು ಒಟ್ಟಿಗೆ ಕೊಂಡಿಡಬೇಡಿ.

ಒಂದು ತಿಂಗಳು ಮರೆತರೆ? ನೆನಪಾದ ದಿನವೇ ಹಾಕಿ, ಎಷ್ಟು ದಿನ ತಪ್ಪಿತು ಎಂದು ವೈದ್ಯರಿಗೆ ಹೇಳಿ. ಎರಡು ಪಾಲು ಒಟ್ಟಿಗೆ ಹಾಕಬೇಡಿ. ಮನೆ ಬಾಡಿಗೆಯನ್ನೋ ಸಾಲದ ಕಂತನ್ನೋ ಕಟ್ಟುವ ತಾರೀಖಿಗೆ ಇದನ್ನೂ ಸೇರಿಸಿಕೊಂಡರೆ ಮರೆಯುವುದಿಲ್ಲ.

ಖಂಡಿತ ಮಾಡಬಾರದ್ದು

ಸ್ನೇಹಿತರ ನಾಯಿಯ ಮಾತ್ರೆ ಅವರಲ್ಲೇ ಇರಲಿ. ಅರ್ಧ ಮಾಡುವ ಲೆಕ್ಕ ಕೇಳಲು ಸರಿ ಎನಿಸುತ್ತದೆ, ಆದರೆ ತಲೆಕೆಳಗಾಗಿದೆ. ಹಾರ್ಟ್‌ವರ್ಮ್ ತಡೆಯಲು ಐವರ್‌ಮೆಕ್ಟಿನ್ ನಾಯಿಗೆ ಕಿಲೋ ತೂಕಕ್ಕೆ 6 ಮೈಕ್ರೋಗ್ರಾಂ ಸಾಕು, ಬೆಕ್ಕಿಗೆ 24 ಬೇಕು. ಮಿಲ್ಬೆಮೈಸಿನ್‌ನಲ್ಲೂ ಹೀಗೆಯೇ, ಬೆಕ್ಕಿಗೆ ನಾಲ್ಕು ಪಟ್ಟು. ಅಂದಾಜಿನಲ್ಲಿ ಮುರಿದು ಕೊಟ್ಟರೆ ಒಂದೋ ಕಡಿಮೆಯಾಗಿ ಕೆಲಸ ಮಾಡದು, ಇಲ್ಲವೋ ಆ ಮಾತ್ರೆಯಲ್ಲಿ ಬೆರೆತ ಬೇರೆ ಔಷಧ ಬೆಕ್ಕಿಗೆ ಆಗದು. ಕೊಟ್ಟಿದ್ದೇವೆ ಎಂಬ ಸುಳ್ಳು ಸಮಾಧಾನ ಮಾತ್ರ ಉಳಿಯುತ್ತದೆ.

ನಾಯಿಯ ಬೆನ್ನಿಗೆ ಹಾಕುವ ಚಿಗಟ, ಉಣ್ಣೆಯ ಹನಿಗಳು ಇನ್ನೂ ಅಪಾಯ. ಅವುಗಳಲ್ಲಿ ಹಲವದರಲ್ಲಿ ಪರ್ಮೆಥ್ರಿನ್ ಇರುತ್ತದೆ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಲದು. ನಡುಕ, ಫಿಟ್ಸ್ ಬಂದು ಸಾಯಬಹುದು. ತಪ್ಪಿ ಬಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಮೈ ತೊಳೆದು, ತಕ್ಷಣ ಆಸ್ಪತ್ರೆಗೆ ಓಡಿ.

ದನಕರುಗಳಿಗೆ ಚುಚ್ಚುವ ಐವರ್‌ಮೆಕ್ಟಿನ್ ಟೆಕ್ಸಾಸ್‌ನ ಕೃಷಿ ಅಂಗಡಿಗಳಲ್ಲೂ ಸಿಗುತ್ತದೆ, ನಮ್ಮೂರ ಔಷಧ ಅಂಗಡಿಗಳಲ್ಲೂ ಸಿಗುತ್ತದೆ. ಅದರ ಒಂದು ಮಿಲಿಲೀಟರಿನಲ್ಲಿ 10,000 ಮೈಕ್ರೋಗ್ರಾಂ ಔಷಧ ಇರುತ್ತದೆ. ಮೂರು ಕಿಲೋ ಬೆಕ್ಕಿಗೆ ಬೇಕಾದ್ದು 72. ಒಂದು ಹನಿಯೂ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮನೆಯಲ್ಲಿ ಇದನ್ನು ಅಳೆಯಲು ಯಾರಿಂದಲೂ ಆಗದು.

ಅತ್ತೆಯವರ ನೀಲಗಿರಿ ಎಣ್ಣೆಯನ್ನು ದಯವಿಟ್ಟು ಬೀರುವಿನಲ್ಲೇ ಇಡಿ. ಬೆಕ್ಕು ಮೈಗೆ ಸವರಿದ್ದನ್ನೆಲ್ಲ ನೆಕ್ಕುತ್ತದೆ. ನೀಲಗಿರಿ, ಟೀ ಟ್ರೀ, ಸಿಟ್ರೊನೆಲ್ಲಾದಂಥ ಗಾಢ ತೈಲಗಳು ಬೆಕ್ಕಿಗೆ ವಿಷವಾಗುತ್ತವೆ. ಅವನ್ನು ಆವಿಯಾಗಿ ಮನೆ ತುಂಬ ಹರಡುವ ಯಂತ್ರವೂ ಬೆಕ್ಕಿರುವ ಕೋಣೆಯಲ್ಲಿ ಬೇಡ. ಮನುಷ್ಯರು ಹಚ್ಚಿಕೊಳ್ಳುವ ಸೊಳ್ಳೆ ಕ್ರೀಮೂ ಬೆಕ್ಕಿಗೆ ಬೇಡ. ಸೊಳ್ಳೆಯನ್ನೇ ಕಡಿಮೆ ಮಾಡಬೇಕೆಂದರೆ ಜಾಲರಿ ರಿಪೇರಿ ಮಾಡಿಸಿ, ಹೂಕುಂಡದ ತಟ್ಟೆ, ಹಳೆ ಬಕೆಟ್, ಮಾಡಿನ ನೀರು ಹರಿಯುವ ದೋಣಿಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ. ಈ ಕೆಲಸವನ್ನು ಅತ್ತೆಯವರಿಗೆ ವಹಿಸಿ ನೋಡಿ. ಡೆಂಗಿಯ ಕಾಲ ಕಂಡ ನಮ್ಮ ಊರಿನವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

ಊರಿನ ಬೆಕ್ಕುಗಳ ಮಾತು

ಊರಲ್ಲಿ ಯಾವ ಬೆಕ್ಕಿಗೂ ಮದ್ದು ಹಾಕಿಲ್ಲ ಎಂಬ ಅತ್ತೆಯವರ ಮಾತು ಸುಳ್ಳಲ್ಲ. ಅವರ ಅನುಭವ ದಾವಣಗೆರೆಯದು, ಬೆಳ್ಳಿ ಇರುವುದು ಟೆಕ್ಸಾಸ್‌ನಲ್ಲಿ. ಭಾರತದಲ್ಲಿ ಹಾರ್ಟ್‌ವರ್ಮ್ ನಾಯಿಗಳಲ್ಲಿ ನೆಲೆಯೂರಿರುವುದು ಮುಖ್ಯವಾಗಿ ಅಸ್ಸಾಂ, ಮಿಜೋರಾಂ ಮೊದಲಾದ ಈಶಾನ್ಯ ರಾಜ್ಯಗಳಲ್ಲಿ. ನಮ್ಮ ಕರಾವಳಿ ಮತ್ತು ಕೇರಳದ ಕಡೆ ಹೆಚ್ಚಾಗಿ ಸಿಗುವುದು ಅದರ ಸೋದರ, ಡೈರೋಫೈಲೇರಿಯಾ ರೆಪೆನ್ಸ್. ಅದು ಹೃದಯಕ್ಕೆ ಹೋಗದೆ ಚರ್ಮದಡಿ ಇರುತ್ತದೆ. ಸೊಳ್ಳೆಯ ಮೂಲಕ ಅಪರೂಪಕ್ಕೆ ಮನುಷ್ಯರಿಗೂ ತಗಲಿ, ಕಣ್ಣಿನ ಬಿಳಿಪದರದ ಕೆಳಗಿಂದ ಕಣ್ಣಿನ ವೈದ್ಯರು ಅದನ್ನು ತೆಗೆದ ಪ್ರಕರಣಗಳು ಕರಾವಳಿಯಿಂದ ವರದಿಯಾಗಿವೆ. ಇನ್ನೂ ಒಂದು ಮಾತಿದೆ. ಊರಿನ ಬೆಕ್ಕು ಸತ್ತರೆ ಯಾಕೆ ಸತ್ತಿತು ಎಂದು ಯಾರು ನೋಡುತ್ತಾರೆ? ನಾಲ್ಕು ದಿನ ಕಾಣದಿದ್ದರೆ ‘ಎಲ್ಲೋ ಹೋಯಿತು’ ಎಂದು ಸುಮ್ಮನಾಗುತ್ತೇವೆ. ಅತ್ತೆಯವರ ಬಳಿ ವಾದ ಮಾಡಬೇಡಿ, ಇಷ್ಟನ್ನು ಮೆಲ್ಲಗೆ ಹೇಳಿ.

ಎರಡು ವರ್ಷದ ನಂತರ ಊರಿಗೆ ಬಂದಾಗ ಔಷಧ ಮುಂದುವರಿಸಬೇಕೇ ಎಂಬುದನ್ನು ಇಲ್ಲಿನ ಪಶುವೈದ್ಯರು ಬೆಳ್ಳಿಯನ್ನು ನೋಡಿ ನಿರ್ಧರಿಸಲಿ. ಒಂದು ಪಾಲು ಮಾತ್ರ ತಪ್ಪಿಸಬಾರದು. ಹ್ಯೂಸ್ಟನ್ ಬಿಟ್ಟ ಮೇಲೂ ಒಂದು ತಿಂಗಳೊಳಗೆ ಇನ್ನೊಮ್ಮೆ ಹಾಕಲೇಬೇಕು. ವಿಮಾನ ಹತ್ತುವ ಹಿಂದಿನ ವಾರ ಅಲ್ಲಿನ ಸೊಳ್ಳೆ ಬಿಟ್ಟ ಮರಿಹುಳು ಬೆಳ್ಳಿಯ ಮೈಯೊಳಗೇ ಪ್ರಯಾಣ ಮಾಡುತ್ತದೆ. ಕಳೆದ ಎರಡು ವರ್ಷದ ಔಷಧದ ದಾಖಲೆ, ಪರೀಕ್ಷೆಯ ಕಾಗದಗಳನ್ನೂ ಜೊತೆಗೆ ತನ್ನಿ.

ಇದನ್ನು ಓದುತ್ತಿರುವ ಬೆಂಗಳೂರು, ಮೈಸೂರಿನ ಬೆಕ್ಕು ಸಾಕಿದವರಿಗೂ ಒಂದು ಮಾತು: ನಿಮ್ಮ ಬೆಕ್ಕು ಕೆಮ್ಮಿದೊಡನೆ ಹಾರ್ಟ್‌ವರ್ಮ್ ಎಂದು ಗಾಬರಿ ಬೀಳಬೇಡಿ. ಇಲ್ಲಿ ಅಸ್ತಮಾ, ವೈರಸ್ ನೆಗಡಿ, ಹೃದಯದ ಬೇರೆ ತೊಂದರೆಗಳೇ ಮೊದಲು ನೋಡಬೇಕಾದವು. ಆದರೆ ಕೆಮ್ಮನ್ನು ಕೂದಲುಂಡೆ ಎಂದು ತಿಂಗಳುಗಟ್ಟಲೆ ಬಿಡುವುದು ಯಾವ ಊರಿನಲ್ಲೂ ಸರಿಯಲ್ಲ.

ಗಮನಿಸಬೇಕಾದ ಲಕ್ಷಣಗಳು

ಬೆಳ್ಳಿ ನಿದ್ದೆ ಮಾಡುವಾಗ ಎದೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. 30ರ ಒಳಗಿದ್ದರೆ ಚೆನ್ನ. ದಿನವೂ 30 ದಾಟುತ್ತಿದ್ದರೆ ವೈದ್ಯರಿಗೆ ತೋರಿಸಿ. ಈ ಎಣಿಕೆಯನ್ನು ಮಗಳಿಗೆ ಕಲಿಸಿಕೊಡಿ, ಮಕ್ಕಳು ಇಂಥ ಕೆಲಸದಲ್ಲಿ ನಮಗಿಂತ ಚುರುಕು. ಕತ್ತು ಮುಂದೆ ಚಾಚಿ ನೆಲಕ್ಕೆ ಬಗ್ಗಿ ಕೆಮ್ಮುವುದು, ಊಟಕ್ಕೆ ಸಂಬಂಧವಿಲ್ಲದ ವಾಂತಿ, ತೂಕ ಇಳಿಯುವುದು, ಆಟದಲ್ಲಿ ಉತ್ಸಾಹ ಕುಗ್ಗುವುದು ಕಂಡರೆ ವಿಡಿಯೋ ಮಾಡಿಕೊಂಡು ವೈದ್ಯರಿಗೆ ತೋರಿಸಿ. ಆಸ್ಪತ್ರೆಯ ಮೇಜಿನ ಮೇಲೆ ಯಾವ ಬೆಕ್ಕೂ ಕೆಮ್ಮಿ ತೋರಿಸುವುದಿಲ್ಲ. ಬಾಯಿ ತೆರೆದು ಉಸಿರಾಡುವುದು, ಒಸಡು ನೀಲಿಯಾಗುವುದು, ಕುಸಿದು ಬೀಳುವುದು ಇವು ಬೆಳಗಾಗುವವರೆಗೆ ಕಾಯುವ ವಿಷಯಗಳಲ್ಲ.

ಕೊನೆಗೆ, ಮನೆಯೊಳಗಿನ ಮಾತು. ನಿಮ್ಮವರು ಖರ್ಚಿನ ಬಗ್ಗೆ ಕೇಳುವುದು ತಪ್ಪಲ್ಲ. ಗುಂಡನನ್ನು ಕಳೆದುಕೊಂಡ ನೋವು ಅವರಿಗೂ ಇರುತ್ತದೆ, ಗಂಡಸರು ಅದನ್ನು ಲೆಕ್ಕದ ಮಾತಾಗಿ ಆಡುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ಮುಂದಿನ ಸಲ ವೈದ್ಯರಲ್ಲಿಗೆ ಅವರನ್ನೇ ಬೆಳ್ಳಿಯ ಜೊತೆ ಕಳಿಸಿ. ‘ರೋಗ ಬಂದರೆ ಬೆಕ್ಕಿಗೆ ಯಾವ ಔಷಧವಿದೆ?’ ಎಂದು ಅವರೇ ಕೇಳಲಿ. ಆ ಉತ್ತರ ಕೇಳಿದ ಮೇಲೆ ತಿಂಗಳ ಟ್ಯೂಬಿನ ಬೆಲೆ ಅವರಿಗೆ ಹೆಚ್ಚೆನಿಸಲಾರದು. ಬೆಲೆ ನಿಜಕ್ಕೂ ಭಾರವಾದರೆ ಅದನ್ನೂ ವೈದ್ಯರಿಗೆ ನೇರವಾಗಿ ಹೇಳಿ, ಅಗ್ಗದ ಪರ್ಯಾಯ ಕೇಳಿ. ವೈದ್ಯರ ಚೀಟಿ ಕೇಳದೆ ಮಾರುವ ಆನ್‌ಲೈನ್ ಅಂಗಡಿಯ ಮೊರೆ ಮಾತ್ರ ಹೋಗಬೇಡಿ. ಈ ಔಷಧಗಳಿಗೆ ಅಮೆರಿಕದಲ್ಲಿ ಚೀಟಿ ಕಡ್ಡಾಯ, ಅದಿಲ್ಲದೆ ಕೊಡುವವರ ಸರಕು ಅಸಲಿಯೋ ನಕಲಿಯೋ ಹೇಳುವವರಿಲ್ಲ.

ನನ್ನ ಸಲಹೆ ಇಷ್ಟೇ: ವೈದ್ಯರು ಬರೆದ ಔಷಧವನ್ನು ಈ ವಾರವೇ ಬೆಳ್ಳಿಯ ಕತ್ತಿಗೆ ಹಾಕಿ, ಮುಂದಿನ ತಿಂಗಳ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ರಾತ್ರಿ ನೆಮ್ಮದಿಯಾಗಿ ಮಲಗಿ.